ಎಲ್ಲ ಸ್ಕ್ರೀನಿನಲ್ಲೇ ಸಿಗುವಾಗ ಕಾನ್ಫರೆನ್ಸಿಗೆ ಹೋಗಬೇಕಾ? (ಕೌನ್ಸೆಲರ್, ಥೆರಪಿಸ್ಟ್, ಮನೋವೈದ್ಯರಿಗೆ ಒಂದು ಪ್ರಶ್ನೆ)

ಒಂಟಿಕೋಣೆ:

ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷದಿಂದ ಸ್ವಂತವಾಗಿ ಕೌನ್ಸೆಲಿಂಗ್ ಮಾಡುತ್ತಿದ್ದೇನೆ. ಒಂದು ಕೋಣೆ, ಎರಡು ಕುರ್ಚಿ, ಒಂದು ಗಡಿಯಾರ. ಅಷ್ಟೇ ನನ್ನ ಆಫೀಸು.

ಮುಂದಿನ ತಿಂಗಳು ನಮ್ಮ ಕ್ಷೇತ್ರದ ಮೂರು ದಿನದ ಕಾನ್ಫರೆನ್ಸ್ ಇದೆ. ಹೋಗಲೂಬಹುದು, ಮನೆಯಲ್ಲೇ ಕೂತು ನೋಡಲೂಬಹುದು. ಲೆಕ್ಕ ಹಾಕಿದೆ. ಪ್ರಯಾಣ ಸೇರಿ ಐದು ದಿನ ಕೆಲಸವಿಲ್ಲ, ಅಂದರೆ ಐದು ದಿನ ಸಂಪಾದನೆಯೂ ಇಲ್ಲ. ಅದರ ಮೇಲೆ ನೋಂದಣಿ ಶುಲ್ಕ, ಓಡಾಟ, ಉಳಿಯುವ ಖರ್ಚು. ಸೆಷನ್‌ಗಳನ್ನು ಮುಂದೂಡಬೇಕು. ಇಬ್ಬರು ಕ್ಲೈಂಟ್‌ಗಳನ್ನು ಒಂದು ವಾರ ಬಿಟ್ಟಿರಲು ನನಗೇ ಧೈರ್ಯವಿಲ್ಲ.

ಇಷ್ಟೆಲ್ಲ ಮಾಡಿ ಕತ್ತಲೆ ಹಾಲ್‌ನಲ್ಲಿ ಕೂತು ಯಾರೋ ಸ್ಲೈಡ್ ಓದುವುದನ್ನು ಕೇಳುವುದಾದರೆ ಮನೆಯೇ ವಾಸಿ ಅಲ್ವಾ? ಬೇಸರವಾದರೆ ವಿಡಿಯೋ ಓಡಿಸಿಬಿಡಬಹುದು. ಹಾಲ್‌ನಲ್ಲಿ ಆ ಸೌಕರ್ಯವಿಲ್ಲ.

ಹೋಗಿ ಬಂದವರು ಹೇಳಿ. 'ನೆಟ್‌ವರ್ಕಿಂಗ್' ಅಂತ ಒಂದೇ ಪದದಲ್ಲಿ ಮುಗಿಸಬೇಡಿ, ದಯವಿಟ್ಟು.

ಅಂಕಿಲೆಕ್ಕ:

ಖರ್ಚಿನ ಲೆಕ್ಕ ನೀವು ಹಾಕಿದ್ದೀರಿ, ಕಲಿಕೆಯ ಲೆಕ್ಕ ನಾನು ಹಾಕುತ್ತೇನೆ. ಸ್ವಲ್ಪ ಕಹಿ.

ಸುಮ್ಮನೆ ಕೂತು ಭಾಷಣ ಕೇಳಿದರೆ ವೈದ್ಯರು ಕೆಲಸ ಮಾಡುವ ರೀತಿ ಬದಲಾಗುತ್ತದಾ? ಡೇವಿಸ್ ಮತ್ತು ಅವರ ಜೊತೆಗಾರರು ಆವರೆಗೆ ನಡೆದಿದ್ದ ಹಲವು ಪ್ರಯೋಗಗಳನ್ನು 1999ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಬರೀ ಭಾಷಣದಿಂದ ಏನೂ ಬದಲಾದಂತೆ ಕಾಣಲಿಲ್ಲ. ಚರ್ಚೆ ಮಾಡುವ, ತಾವೇ ಮಾಡಿ ನೋಡುವ ಅವಕಾಶ ಇದ್ದಲ್ಲಿ ಮಾತ್ರ ಬದಲಾವಣೆ ಕಂಡಿತು.

ನಮ್ಮ ಕೌನ್ಸೆಲಿಂಗ್ ಕ್ಷೇತ್ರದ ಕಥೆ ಇನ್ನೂ ಮಜಾ ಇದೆ. ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ (ಬದಲಾಗಬೇಕು ಎಂಬ ಮಾತನ್ನು ಕ್ಲೈಂಟ್ ಬಾಯಿಂದಲೇ ಹೊರಡಿಸುವ ವಿಧಾನ) ರೂಪಿಸಿದ ವಿಲಿಯಂ ಮಿಲ್ಲರ್ ಗೊತ್ತಲ್ಲ. ತಮ್ಮದೇ ವಿಧಾನದ ಎರಡು ದಿನದ ವರ್ಕ್‌ಶಾಪ್ ಎಷ್ಟು ಕೆಲಸ ಮಾಡಿತು ಅಂತ ಅವರೂ ಮೌಂಟ್ ಎಂಬವರೂ 2001ರಲ್ಲಿ ಬರೆದರು. ಬಂದವರನ್ನು ಕೇಳಿದರೆ ತುಂಬಾ ಕಲಿತೆವು ಎಂಬ ಉತ್ತರ. ಅವರ ಸೆಷನ್‌ಗಳ ಟೇಪ್ ಹಾಕಿ ಕೇಳಿದರೆ ಬದಲಾವಣೆ ಅಲ್ಪಸ್ವಲ್ಪ. ಎದುರು ಕೂತ ಕ್ಲೈಂಟ್‌ಗಳಿಗೆ ವ್ಯತ್ಯಾಸವೇ ತಟ್ಟಿರಲಿಲ್ಲ. ಮಿಲ್ಲರ್ ಪ್ರಾಮಾಣಿಕ ಮನುಷ್ಯ. ತನ್ನ ಅಂಗಡಿಯ ತಕ್ಕಡಿಯನ್ನು ತಾನೇ ಪರೀಕ್ಷೆಗೆ ಕೊಟ್ಟು, ತೂಕ ತಪ್ಪಿದೆ ಎಂದು ಬೋರ್ಡ್ ಹಾಕಿದ ಹಾಗೆ.

ಹಾಗಾಗಿ ಕಲಿಯಲಿಕ್ಕೆ ಅಂತಲೇ ಹೋಗುವುದಾದರೆ ಖರ್ಚು ಉಳಿಸಿ.

ಮೂಲೆಸೀಟು:

ಬ್ಯಾಗು, ಪೆನ್ನು, ಕುತ್ತಿಗೆಗೆ ನೇತುಹಾಕುವ ಹೆಸರುಪಟ್ಟಿ ಸಿಗುತ್ತದೆ. ನನ್ನ ಹತ್ತಿರ ಹನ್ನೊಂದು ಬ್ಯಾಗಿವೆ.

ಹಳೇಕುರ್ಚಿ:

ಅಂಕಿಲೆಕ್ಕ ಅವರೇ, ನೀವು ಹೇಳಿದ್ದು ಸರಿ. ಆದರೆ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದಿರಿ. ಅದೇ ಮಿಲ್ಲರ್ 2004ರಲ್ಲಿ ಇನ್ನೂ ದೊಡ್ಡ ಪ್ರಯೋಗ ಮಾಡಿದರು. ವ್ಯಸನದ ಚಿಕಿತ್ಸೆಯಲ್ಲಿ ಕೆಲಸ ಮಾಡುವ 140 ಜನ, ಐದು ಗುಂಪು. ಒಂದಕ್ಕೆ ವರ್ಕ್‌ಶಾಪ್ ಮಾತ್ರ. ಇನ್ನು ಮೂರಕ್ಕೆ ವರ್ಕ್‌ಶಾಪಿನ ಜೊತೆ ಟೇಪ್ ಕೇಳಿ ತಿದ್ದುವುದು, ಇಲ್ಲವೇ ಕೋಚಿಂಗ್, ಇಲ್ಲವೇ ಎರಡೂ. ಐದನೆಯದಕ್ಕೆ ನೀವೇ ಕಲಿತುಕೊಳ್ಳಿ ಎಂದು ಬಿಟ್ಟರು. ವರ್ಕ್‌ಶಾಪಿಗೆ ಹೋದ ನಾಲ್ಕೂ ಗುಂಪು ಈ 'ನೀವೇ ಕಲಿಯಿರಿ' ಗುಂಪಿಗಿಂತ ಮುಂದೆ ಹೋದವು. ತಿದ್ದುವವರೋ ಕೋಚೋ ಜೊತೆಗಿದ್ದ ಗುಂಪುಗಳು ಇನ್ನೂ ಮುಂದೆ. ಅಂದರೆ ಹೋಗಿ ಬಂದದ್ದು ದಂಡವಾಗಲಿಲ್ಲ. ಹೋಗಿ ಬಂದು ಸುಮ್ಮನಾದದ್ದು ಅಷ್ಟು ಫಲ ಕೊಡಲಿಲ್ಲ.

ಅದೇ ಅಧ್ಯಯನದಲ್ಲಿ ನನ್ನನ್ನು ಚುಚ್ಚಿದ್ದು ಇನ್ನೊಂದು. ನನಗೆ ಇದು ಚೆನ್ನಾಗಿ ಬರುತ್ತದೆ ಎಂದು ಹೇಳಿಕೊಂಡದ್ದಕ್ಕೂ ಟೇಪಿನಲ್ಲಿ ಕೇಳಿಸಿದ್ದಕ್ಕೂ ಸಂಬಂಧವೇ ಇರಲಿಲ್ಲ. ವಾಲ್ಫಿಶ್ ಮತ್ತು ಜೊತೆಗಾರರು 2012ರಲ್ಲಿ ನಮ್ಮ ಕ್ಷೇತ್ರದ 129 ಜನರನ್ನು ಕೇಳಿದರು: ನಿಮ್ಮಂಥ ನೂರು ಜನರನ್ನು ಕೆಲಸದಲ್ಲಿ ಎಲ್ಲರಿಗಿಂತ ಹಿಂದಿರುವವರಿಂದ ಶುರುಮಾಡಿ ಸಾಲಾಗಿ ನಿಲ್ಲಿಸಿದರೆ ನೀವು ಎಲ್ಲಿ ನಿಲ್ಲುತ್ತೀರಿ? ಸರಾಸರಿ ಉತ್ತರ 80. ಐವತ್ತಕ್ಕಿಂತ ಕೆಳಗೆ ಎಂದವರು ಒಬ್ಬರೂ ಇಲ್ಲ! ದೀಪದ ಬುಡದಲ್ಲಿ ಕತ್ತಲೆ ಅಂತ ಸುಮ್ನೆ ಹೇಳಿಲ್ಲ ಹಿರಿಯರು.

ಒಂಟಿಕೋಣೆ ಅವರೇ, ಶಸ್ತ್ರಚಿಕಿತ್ಸೆ ಮಾಡುವವರ ಸುತ್ತ ನಾಲ್ಕು ಜನ ನಿಂತಿರುತ್ತಾರೆ. ಮೇಷ್ಟರ ಪಾಠವನ್ನು ಪಕ್ಕದ ತರಗತಿಯವರೂ ಕೇಳುತ್ತಾರೆ. ನಮ್ಮ ಕೆಲಸವನ್ನು ಯಾರು ನೋಡುತ್ತಾರೆ? ಬಾಗಿಲು ಮುಚ್ಚಿರುತ್ತದೆ. ಮುಚ್ಚಿಯೇ ಇರಬೇಕು. ಆದರೆ ಒಂಬತ್ತು ವರ್ಷ ಮುಚ್ಚಿದ ಕೋಣೆಯಲ್ಲಿ ನಮ್ಮ ತಪ್ಪುಗಳೂ ನಮಗೆ ಅಭ್ಯಾಸವಾಗಿಬಿಡುತ್ತವೆ.

ನನ್ನದೇ ಹೇಳುತ್ತೇನೆ. ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷವಾದ ಮೇಲೆ ಒಂದು ವರ್ಕ್‌ಶಾಪಿನಲ್ಲಿ ರೋಲ್‌ಪ್ಲೇ ಮಾಡಿಸಿದರು. ನಾನು ಥೆರಪಿಸ್ಟ್, ಎದುರಿಗೆ ಆಗತಾನೆ ಓದು ಮುಗಿಸಿದ ಹುಡುಗಿ. ಹತ್ತು ನಿಮಿಷ. ಮುಗಿದ ಮೇಲೆ ಅವಳು ಸಂಕೋಚದಿಂದ, "ಸರ್, ನಾನು ಅಳುವ ಹಾಗೆ ಆದಾಗಲೆಲ್ಲ ನೀವು ಪ್ರಶ್ನೆ ಕೇಳುತ್ತೀರಿ" ಎಂದಳು. ಉಳಿದ ಮೂವರು ತಲೆಯಾಡಿಸಿದರು. ಇಪ್ಪತ್ತು ವರ್ಷ ಎಷ್ಟು ಜನರ ಅಳುವನ್ನು ಹೀಗೆ ಪ್ರಶ್ನೆ ಹಾಕಿ ತಡೆದಿದ್ದೇನೋ! ಸ್ಕ್ರೀನಿನ ಮುಂದೆ ಮ್ಯೂಟ್ ಮಾಡಿಕೊಂಡು ಕೂತಿದ್ದರೆ ಯಾರು ಹೇಳುತ್ತಿದ್ದರು ನನಗೆ?

ರಾತ್ರಿಪಾಳಿ:

ಹಳೇಕುರ್ಚಿ ಸರ್, ಓದಿ ತಲೆ ಬಾಗಿತು. ಆದರೂ ಒಂದು ಮಾತು. ನಾನು ಮನೋರೋಗ ವಾರ್ಡಿನಲ್ಲಿ ನರ್ಸ್. ಮನೆಯಲ್ಲಿ ಎರಡು ವರ್ಷದ ಮಗು. ಐದು ದಿನ ಎಲ್ಲಿಗೆ ಹೋಗಲಿ? ರಜೆ ಕೇಳಿದರೆ ನಿಮ್ಮ ಬದಲು ಯಾರು ಎಂದು ಕೇಳುತ್ತಾರೆ. ಆಸ್ಪತ್ರೆ ಖರ್ಚು ಕೊಡುವುದು ದೊಡ್ಡ ಡಾಕ್ಟರುಗಳಿಗೆ ಮಾತ್ರ. ಕಾನ್ಫರೆನ್ಸುಗಳು ಸ್ಕ್ರೀನಿಗೆ ಬಂದ ಮೇಲೆಯೇ ನಾನು ಮೊದಲ ಸಲ ಒಂದನ್ನು ಪೂರ್ತಿ ಕೇಳಿದ್ದು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು.

ಇದು ನನ್ನೊಬ್ಬಳ ಕಥೆ ಅಲ್ಲ. ವಿಜ್ಞಾನದ ಕೆಲವು ಕಾನ್ಫರೆನ್ಸುಗಳು ಆನ್‌ಲೈನ್ ಆದಾಗ ಯಾರು ಬಂದರು ಎಂದು ಸ್ಕೈಲ್ಸ್ ಮತ್ತು ಜೊತೆಗಾರರು ನೋಡಿದ್ದಾರೆ, 2021ರಲ್ಲಿ ಪ್ರಕಟವಾಗಿದೆ. ಹೆಂಗಸರು, ವಿದ್ಯಾರ್ಥಿಗಳು ಮೊದಲಿಗಿಂತ ಜಾಸ್ತಿ ಬಂದರು. 'ನೇರವಾಗಿ ಹೋದರೇ ಲಾಭ' ಎನ್ನುವುದು ಹೋಗಬಲ್ಲವರ ಮಾತು.

ಹಳೇಕುರ್ಚಿ:

ತಂಗೀ, ನಿಮ್ಮ ಮಾತಿಗೆ ಎದುರಾಡುವುದಿಲ್ಲ. ಹೋಗಲಾರದವರಿಗೆ ಬಾಗಿಲು ತೆರೆದಿರಲೇಬೇಕು. ನಾನು ಹೇಳಿದ್ದು ಹೋಗಲೋ ಬೇಡವೋ ಎಂದು ತೂಗುತ್ತಿರುವ ಒಂಟಿಕೋಣೆ ಅವರಿಗೆ.

ಸಂಶಯಪ್ಪ:

ಎಲ್ಲರೂ ಕಾನ್ಫರೆನ್ಸ್ ಅಂದರೆ ಒಳ್ಳೆಯದೇ ಹರಡುವ ಜಾಗ ಎಂಬಂತೆ ಮಾತಾಡುತ್ತಿದ್ದೀರಿ. ಅಂಟುಜಾಡ್ಯವೂ ಜನ ಸೇರಿದಲ್ಲೇ ಹರಡುವುದು.

1980ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಒಂದು ನಂಬಿಕೆ ಎದ್ದಿತು. ಸೈತಾನನ ಪೂಜೆ ಮಾಡುವ ಗುಟ್ಟಿನ ಗುಂಪುಗಳು ಮಕ್ಕಳನ್ನು ಹಿಂಸಿಸುತ್ತವೆ, ಆ ನೆನಪು ಮನಸ್ಸಿನ ತಳದಲ್ಲಿ ಹೂತುಹೋಗಿರುತ್ತದೆ, ಥೆರಪಿಸ್ಟ್ ಅದನ್ನು ಅಗೆದು ತೆಗೆಯಬೇಕು ಅಂತ. ಇದು ಹರಡಿದ್ದು ಟಿವಿಯಿಂದ ಮಾತ್ರವಲ್ಲ. ನಮ್ಮಂಥ ಓದಿದವರು ಸೇರುವ ಸಭೆ, ವರ್ಕ್‌ಶಾಪುಗಳಲ್ಲೂ ಹರಡಿತು. ವೇದಿಕೆಯ ಮೇಲೆ ಪದವಿ ಇದ್ದವರೇ ಹೇಳುತ್ತಿದ್ದರು. ಪಕ್ಕದವರು ಬರೆದುಕೊಳ್ಳುತ್ತಿದ್ದರೆ ನಾವೂ ಬರೆದುಕೊಳ್ಳುತ್ತೇವೆ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಕೆನೆತ್ ಲ್ಯಾನಿಂಗ್ 1992ರ ವರದಿಯಲ್ಲಿ, ಅಂಥ ಸಂಘಟಿತ ಗುಂಪುಗಳಿಗೆ ಪುರಾವೆ ಸಿಕ್ಕಿಲ್ಲ ಎಂದು ಬರೆಯುವಷ್ಟರಲ್ಲಿ ಎಷ್ಟೋ ಸಂಸಾರ ಒಡೆದಿದ್ದವು.

ಎದುರಾಎದುರು ಕೂತಾಗ ಬರುವ ಆ ಬಿಸಿ, ಆ ಹುಮ್ಮಸ್ಸು ಇದೆಯಲ್ಲ, ಅದಕ್ಕೆ ಸರಿತಪ್ಪು ಗೊತ್ತಿರುವುದಿಲ್ಲ. ಮನೆಯಲ್ಲಿ ಕೂತರೆ ಕನಿಷ್ಠ ವಿಡಿಯೋ ನಿಲ್ಲಿಸಿ, ಈ ಮಾತಿಗೆ ಆಧಾರ ಏನು ಎಂದು ಹುಡುಕಬಹುದು. ಔಷಧ ಕಂಪನಿಗಳ ಮಳಿಗೆಗಳ ವಿಷಯ ನಾನು ಎತ್ತುವುದೇ ಇಲ್ಲ.

ಮೂಲೆಸೀಟು:

ಎತ್ತಿಬಿಟ್ಟಿರಲ್ಲ. ನನ್ನ ಹನ್ನೊಂದು ಬ್ಯಾಗುಗಳಲ್ಲಿ ಆರು ಅವರವೇ.

ಪುರಾಣಿಕ:

ಸಂಶಯಪ್ಪನವರ ಮಾತು ಒಪ್ಪಿದೆ. ಹಾಗೇ ಅದರ ಎದುರಿಗೆ ಇನ್ನೊಂದು ಸಭೆಯನ್ನು ಇಡುತ್ತೇನೆ.

ಮೇ 2, 1972. ಡಲ್ಲಾಸ್‌ನಲ್ಲಿ ಅಮೆರಿಕದ ಮನೋವೈದ್ಯರ ಸಂಘವಾದ ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್ನಿನ ವಾರ್ಷಿಕ ಸಭೆ. ಮಾನಸಿಕ ಕಾಯಿಲೆಗಳನ್ನು ಪಟ್ಟಿ ಮಾಡುವ ಅವರ ಪುಸ್ತಕದಲ್ಲಿ ಆಗ ಸಲಿಂಗಪ್ರೇಮವೂ ಒಂದು ಕಾಯಿಲೆ. ವೇದಿಕೆಯಲ್ಲಿ ಬಾರ್ಬರಾ ಗಿಟ್ಟಿಂಗ್ಸ್ ಮತ್ತು ಫ್ರಾಂಕ್ ಕಮೆನಿ ಎಂಬ ಹೋರಾಟಗಾರರು. ಅವರ ಜೊತೆ ಮುಖಕ್ಕೆ ರಬ್ಬರ್ ಮುಖವಾಡ, ತಲೆಗೆ ವಿಗ್, ದೊಗಳೆ ಸೂಟು ಹಾಕಿಕೊಂಡ ಒಬ್ಬ. ದನಿ ಗುರುತು ಸಿಗದಂತೆ ಮೈಕು. ಹೆಸರು 'ಡಾಕ್ಟರ್ ಎಚ್. ಅನಾನಿಮಸ್'. ನಾನು ಸಲಿಂಗಿ, ನಾನು ಮನೋವೈದ್ಯ ಎಂದು ಮಾತು ಶುರುಮಾಡಿದ. ಗೊತ್ತಾದರೆ ಕೆಲಸ ಹೋಗುತ್ತಿತ್ತು, ಅದಕ್ಕೇ ಮುಖವಾಡ. ಆತ ಜಾನ್ ಫ್ರೈಯರ್. ಮುಂದಿನ ವರ್ಷ, 1973ರ ಡಿಸೆಂಬರಿನಲ್ಲಿ ಆ ಸಂಸ್ಥೆ ಸಲಿಂಗಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ಅದೊಂದೇ ಭಾಷಣದಿಂದ ಅಂತ ನಾನು ಹೇಳುವುದಿಲ್ಲ, ಹೋರಾಟ ದೊಡ್ಡದಿತ್ತು. ಆದರೆ ತಾವು ಯಾರನ್ನು ರೋಗಿ ಎನ್ನುತ್ತಿದ್ದರೋ ಆತ ತಮ್ಮದೇ ಸಾಲಿನಲ್ಲಿ ಕೂತ ಸಹೋದ್ಯೋಗಿ ಎಂದು ಆ ಹಾಲ್‌ನಲ್ಲಿದ್ದವರು ಕಣ್ಣಾರೆ ಕಂಡರು. ಪತ್ರಿಕೆಯಲ್ಲಿ ಹೆಸರಿಲ್ಲದ ಲೇಖನ ಬಂದಿದ್ದರೆ ಪುಟ ತಿರುವಿ ಮುಂದೆ ಹೋಗುತ್ತಿದ್ದರೇನೋ.

ತಮಾಷೆಗೆ ಇನ್ನೊಂದು. ಮನೋವಿಶ್ಲೇಷಣೆಯವರು 1908ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಮೊದಲ ಸಲ ಸೇರಿದಾಗ ಬಂದವರು ಸುಮಾರು ನಲವತ್ತು ಜನ. ಫ್ರಾಯ್ಡ್ ಒಬ್ಬ ರೋಗಿಯ ಕಥೆಯನ್ನು ನಾಲ್ಕು ಗಂಟೆಗೂ ಜಾಸ್ತಿ ಹೇಳಿದರು. ಸ್ಲೈಡ್ ಇಲ್ಲ. ನಿಲ್ಲಿಸಲು ಹೊರಟರೆ ಜನ ಬಿಡಲಿಲ್ಲವಂತೆ.

ಅಂಕಿಲೆಕ್ಕ:

ಹಳೇಕುರ್ಚಿ ಅವರಿಗೆ: 2004ರದ್ದು ನನಗೂ ಗೊತ್ತಿತ್ತು, ಹೇಳದೆ ಬಿಟ್ಟದ್ದು ತಪ್ಪು. ಆದರೆ ಅಲ್ಲಿ ಕೋಚಿಂಗ್ ಕೊಟ್ಟದ್ದು ಫೋನಿನಲ್ಲಿ! ಮುಖ ನೋಡಿಯೇ ಕಲಿಸಬೇಕು ಎಂದೇನೂ ಆಗಲಿಲ್ಲ.

ಭೇಟಿಯ ಪರವಾಗಿಯೂ ಒಂದು ಕೊಟ್ಟುಬಿಡುತ್ತೇನೆ, ಲೆಕ್ಕ ಸರಿಹೋಗಲಿ. 2012ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಅಮೆರಿಕದ ರಾಜ್ಯಶಾಸ್ತ್ರದವರ ದೊಡ್ಡ ಕಾನ್ಫರೆನ್ಸ್ ನಡೆಯಬೇಕಿತ್ತು. ಐಸಾಕ್ ಚಂಡಮಾರುತ ಬಂತು, ಕೊನೇ ಗಳಿಗೆಯಲ್ಲಿ ರದ್ದಾಯಿತು. ಕಾರ್ಯಕ್ರಮ ಪಟ್ಟಿ ಮಾತ್ರ ಉಳಿಯಿತು. ಯಾರು ಯಾರನ್ನು ಭೇಟಿಯಾಗಬಹುದಿತ್ತು ಎಂಬುದು ಅದರಲ್ಲಿತ್ತು. ಮುಂದಿನ ವರ್ಷಗಳಲ್ಲಿ ಅವರು ಜೊತೆಯಾಗಿ ಬರೆದರಾ ಎಂದು ಕೆಲವರು ನೋಡಿದರು. ಸಭೆ ತಪ್ಪಿದ್ದರಿಂದ ಹಾಗೆ ಜೊತೆಗೂಡುವುದು ಕಡಿಮೆಯಾಗಿತ್ತು. ಅದು ಥೆರಪಿಸ್ಟ್‌ಗಳ ಅಧ್ಯಯನ ಅಲ್ಲ, ನೆನಪಿರಲಿ.

ಮೌನಿ:

ಇಲ್ಲಿ ಓದುತ್ತೇನೆ, ಬರೆಯುವುದು ಕಡಿಮೆ. ಇವತ್ತು ಬರೆಯಬೇಕು ಅನಿಸಿತು.

ಆರು ವರ್ಷದ ಹಿಂದೆ ನನ್ನ ಕ್ಲೈಂಟ್ ಒಬ್ಬರು ಆತ್ಮಹತ್ಯೆ ಮಾಡಿಕೊಂಡರು. ಸುದ್ದಿ ಬಂದಾಗ ಮುಂದಿನ ಸೆಷನ್ನಿಗೆ ಹತ್ತು ನಿಮಿಷ ಇತ್ತು. ಮುಖ ತೊಳೆದುಕೊಂಡು ಬಾಗಿಲು ತೆರೆದೆ. ಮನೆಯಲ್ಲಿ ಹೇಳುವ ಹಾಗಿಲ್ಲ, ಗೋಪ್ಯತೆ. ಗೆಳೆಯರಿಗೆ ಹೇಳಿದರೆ 'ನೀನೇನು ಮಾಡಲಿಕ್ಕಾಗುತ್ತಿತ್ತು' ಎನ್ನುತ್ತಾರೆ, ಆ ಪ್ರಶ್ನೆಯೇ ನನ್ನನ್ನು ತಿನ್ನುತ್ತಿತ್ತು. ಕೆಲಸದ ಕಡೆಯಿಂದ ಬಂದ ಫೋನು ಒಂದೇ: ಫೈಲ್ ಸರಿಯಾಗಿದೆಯಾ?

ಒಂದು ವರ್ಷ ಯಾರಿಗೂ ಹೇಳಲಿಲ್ಲ. ಆಮೇಲೆ ಒಂದು ಕಾನ್ಫರೆನ್ಸಿನಲ್ಲಿ ಕ್ಲೈಂಟನ್ನು ಹೀಗೆ ಕಳೆದುಕೊಂಡವರಿಗಾಗಿ ಒಂದು ಸಣ್ಣ ಕೋಣೆಯಲ್ಲಿ ಒಂದೂವರೆ ಗಂಟೆಯ ಕೂಟ ಇಟ್ಟಿದ್ದರು. ಬಾಗಿಲವರೆಗೆ ಎರಡು ಸಲ ಹೋಗಿ ವಾಪಸ್ ಬಂದೆ. ಮೂರನೇ ಸಲ ಒಳಗೆ ಹೋದೆ. ಅಲ್ಲಿ ಹದಿನೈದು ಜನ ಕೂತಿದ್ದರು. ಬೆಳಿಗ್ಗೆ ವೇದಿಕೆಯ ಮೇಲೆ ಮಾತಾಡಿದ್ದ ಹಿರಿಯರೊಬ್ಬರೂ ಅಲ್ಲಿದ್ದರು! ಅವರು ಮಾತಾಡಿದ್ದು ತಮ್ಮ ಎರಡನೇ ವರ್ಷದ ಕೆಲಸದಲ್ಲಿ ಹೋದ ಹುಡುಗನ ಬಗ್ಗೆ. ಎಷ್ಟೋ ವರ್ಷವಾಗಿತ್ತು, ದನಿ ಇನ್ನೂ ಒಡೆಯುತ್ತಿತ್ತು.

ಆಮೇಲೆ ಓದಿ ತಿಳಿದೆ. 1988ರಲ್ಲಿ ಅಮೆರಿಕದಲ್ಲಿ ಕೆಮ್‌ಟಾಬ್ ಮತ್ತು ಜೊತೆಗಾರರು ಪ್ರಕಟಿಸಿದ ಸಮೀಕ್ಷೆಗಳಲ್ಲಿ ಮನೋವೈದ್ಯರಲ್ಲಿ ಶೇಕಡಾ 51, ಸೈಕಾಲಜಿಸ್ಟ್‌ಗಳಲ್ಲಿ ಶೇಕಡಾ 22 ಜನ ಹೀಗೆ ಒಬ್ಬರನ್ನಾದರೂ ಕಳೆದುಕೊಂಡಿದ್ದರು. ಈ ಅಂಕಿ ನನಗೆ ಮೊದಲೇ ಗೊತ್ತಿದ್ದರೂ ಏನೂ ಆಗುತ್ತಿರಲಿಲ್ಲ. ಆ ಹದಿನೈದು ಮುಖ ಬೇಕಿತ್ತು. ಕ್ಯಾಮೆರಾ ಆಫ್ ಮಾಡಬಹುದು ಎಂದಿದ್ದರೆ ನಾನು ಖಂಡಿತ ಆಫ್ ಮಾಡುತ್ತಿದ್ದೆ.

ರಾತ್ರಿಪಾಳಿ:

ಮೌನಿ ಅವರೇ, ಬರೆದಿದ್ದಕ್ಕೆ ಕೈಮುಗಿದೆ. ನಮ್ಮ ವಾರ್ಡಿನಲ್ಲೂ ಹೀಗಾಗಿದೆ. ಡಾಕ್ಟರರನ್ನು ಕೂರಿಸಿ ಮಾತಾಡಿಸಿದರು. ಆ ರಾತ್ರಿ ಡ್ಯೂಟಿಯಲ್ಲಿದ್ದ ನಮ್ಮನ್ನು ಯಾರೂ ಕೇಳಲಿಲ್ಲ. ನರ್ಸುಗಳಿಗೂ ಅಂಥ ಕೋಣೆ ಇದ್ದಿದ್ದರೆ ಮಗುವನ್ನು ಅಮ್ಮನ ಹತ್ತಿರ ಬಿಟ್ಟಾದರೂ ಹೋಗುತ್ತಿದ್ದೆ.

ಸಂಶಯಪ್ಪ:

ಇದಕ್ಕೆ ಮಾತ್ರ ನನ್ನ ಹತ್ತಿರ ಎದುರು ಮಾತಿಲ್ಲ.

ಲಿಫ್ಟಿನೊಳಗೆ:

ಒಂದು ಎಚ್ಚರಿಕೆ. ಕೋಣೆಯೊಳಗೆ ಹೇಳಿದ್ದು ಅಲ್ಲೇ ಇರಬೇಕು. ನಾನೊಮ್ಮೆ ಕಾನ್ಫರೆನ್ಸಿನ ಲಿಫ್ಟಿನಲ್ಲಿದ್ದಾಗ ಇಬ್ಬರು ಒಂದು ಕೇಸ್ ಬಗ್ಗೆ ಜೋರಾಗಿ ಮಾತಾಡುತ್ತಿದ್ದರು. ಹೆಸರು ಹೇಳಲಿಲ್ಲ, ನಿಜ. ಆದರೆ ವಯಸ್ಸು, ಕೆಲಸ, ಅಣ್ಣನ ಜೊತೆಗಿನ ಕೋರ್ಟ್ ಜಗಳ ಎಲ್ಲ ಹೇಳಿದರು. ಮೂರನೇ ಮಹಡಿ ಮುಟ್ಟುವಷ್ಟರಲ್ಲಿ ಅದು ಯಾರು ಅಂತ ನನಗೆ ಗೊತ್ತಾಗಿತ್ತು, ನನ್ನ ಗೆಳತಿಯ ನಾದಿನಿ. ಹೆಸರು ಬಿಟ್ಟರೆ ಗುಟ್ಟು ಉಳಿಯಿತು ಎಂದುಕೊಳ್ಳಬೇಡಿ.

ಒಂಟಿಕೋಣೆ:

ಇಷ್ಟೆಲ್ಲ ಓದಿದ ಮೇಲೆ ಹೋಗುವುದು ಅಂತಾಯಿತು. ಮೌನಿ ಅವರ ಮಾತು ಎರಡು ದಿನ ತಲೆಯಲ್ಲಿತ್ತು. ನನಗೆ ಅಂಥದ್ದಾಗಿಲ್ಲ, ಆದರೆ ಹೇಳಿಕೊಳ್ಳದೆ ಇಟ್ಟುಕೊಂಡದ್ದು ಇದೆ.

ಆದರೆ ನನಗೆ ಗುಂಪೆಂದರೆ ಆಗುವುದಿಲ್ಲ. ಬ್ರೇಕಿನಲ್ಲಿ ಎಲ್ಲರೂ ಗುಂಪುಗೂಡಿ ನಗುತ್ತಿದ್ದರೆ ನಾನು ಫೋನ್ ನೋಡುತ್ತಾ ನಿಲ್ಲುವವಳು. ಮತ್ತೆ ಆ ಇಬ್ಬರು ಕ್ಲೈಂಟ್‌ಗಳನ್ನು ಏನು ಮಾಡಲಿ?

ಮೂಲೆಸೀಟು:

ಗುಂಪಿನ ವಿಷಯದಲ್ಲಿ ನಾನು ಗುರು. ತಮ್ಮ ಅಧ್ಯಯನವನ್ನು ದೊಡ್ಡ ಹಾಳೆಯಲ್ಲಿ ಹಾಕಿ ಪೋಸ್ಟರ್ ಇಟ್ಟಿರುವ ಕಡೆ ಹೋಗಿ. ಪ್ರತಿ ಪೋಸ್ಟರ್ ಪಕ್ಕ ಒಬ್ಬರು ಒಂಟಿಯಾಗಿ, ಯಾರಾದರೂ ಬಂದು ಮಾತಾಡಿಸಲಿ ಎಂದು ಕಾಯುತ್ತಾ ನಿಂತಿರುತ್ತಾರೆ. ನಮ್ಮಂಥವರಿಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. 'ಇದರಲ್ಲಿ ನಿಮಗೆ ಕಷ್ಟ ಆಗಿದ್ದು ಯಾವುದು' ಎಂದು ಕೇಳಿ, ಸಾಕು. ಮಧ್ಯಾಹ್ನ ಒಂದು ಗಂಟೆ ರೂಮಿಗೆ ಹೋಗಿ ಮಲಗಿ. ಕೊಟ್ಟ ದುಡ್ಡಿಗೆ ಎಲ್ಲ ಸೆಷನ್ನೂ ಕೇಳಲೇಬೇಕು ಎಂದರೆ ಎರಡನೇ ದಿನಕ್ಕೇ ತಲೆ ಕೆಡುತ್ತದೆ.

ಹಳೇಕುರ್ಚಿ:

ಕಾರ್ಯಕ್ರಮ ಪಟ್ಟಿಯಲ್ಲಿ ದೊಡ್ಡ ಹೆಸರು ಹುಡುಕಬೇಡಿ ಮೇಡಂ, ಸಣ್ಣ ಕೋಣೆ ಹುಡುಕಿ. ದೊಡ್ಡ ಭಾಷಣವನ್ನು ಆಮೇಲೆ ರೆಕಾರ್ಡಿಂಗಿನಲ್ಲಿ ಕೇಳಬಹುದು. ಬಾಲಿಂಟ್ ಗ್ರೂಪ್ ಇದ್ದರೆ ಬಿಡಲೇಬೇಡಿ. ಮೈಕೆಲ್ ಬಾಲಿಂಟ್ ಮತ್ತು ಎನಿಡ್ ಬಾಲಿಂಟ್ 1950ರ ದಶಕದಲ್ಲಿ ಲಂಡನ್ನಿನಲ್ಲಿ ಸಾಮಾನ್ಯ ವೈದ್ಯರನ್ನು ಕೂರಿಸಿಕೊಂಡು ಬೆಳೆಸಿದ ಪದ್ಧತಿ ಅದು. ಒಬ್ಬರು ಒಂದು ಕೇಸ್ ಹೇಳುತ್ತಾರೆ, ಫೈಲ್ ನೋಡದೆ. ಉಳಿದವರು ರೋಗಿಗೆ ಏನಾಗಿದೆ ಎನ್ನುವುದಕ್ಕಿಂತ, ಆ ರೋಗಿ ಮತ್ತು ವೈದ್ಯರ ನಡುವೆ ಏನಾಗುತ್ತಿದೆ ಎಂದು ನೋಡುತ್ತಾರೆ. ಸಲಹೆ ಕೊಡುವಂತಿಲ್ಲ. ನಮ್ಮವರಿಗೆ ಅದೇ ಕಷ್ಟ!

ಕ್ಲೈಂಟ್‌ಗಳಿಗೆ ಮೂರು ವಾರ ಮೊದಲೇ ಹೇಳಿ, ಹಿಂದಿನ ದಿನ ಅಲ್ಲ. ಎಲ್ಲಿಗೆ ಎಂಬುದು ಬೇಡ, ಯಾವತ್ತು ವಾಪಸ್ ಎಂಬುದು ಬೇಕು. ಆ ಇಬ್ಬರಿಗೆ ನಿಮ್ಮ ಬದಲು ನೋಡುವವರನ್ನು ಗೊತ್ತುಮಾಡಿ, ಕ್ಲೈಂಟ್ ಒಪ್ಪಿದರೆ ಹೋಗುವ ಮೊದಲೇ ಒಮ್ಮೆ ಭೇಟಿ ಮಾಡಿಸಿ. ಅಪಾಯ ಬಂದರೆ ಯಾರಿಗೆ ಫೋನ್, ಯಾವ ಆಸ್ಪತ್ರೆ ಎಂದು ಅವರ ಜೊತೆ ಕೂತು ಕಾಗದದ ಮೇಲೆ ಬರೆಯಿರಿ. ಅಲ್ಲಿಂದ ಕದ್ದು ಮೆಸೇಜ್ ನೋಡುತ್ತಾ ಕೂರುವುದಾದರೆ ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಮತ್ತೆ ಆ ವಾರ ನಿಜಕ್ಕೂ ಕೆಟ್ಟದಾಗಿದ್ದರೆ ಹೋಗಬೇಡಿ. ಕಾನ್ಫರೆನ್ಸ್ ಮುಂದಿನ ವರ್ಷವೂ ಬರುತ್ತದೆ.

ಅಂಕಿಲೆಕ್ಕ:

ವಾಪಸ್ ಬಂದ ಮೇಲಿನ ಮೊದಲ ದಿನಕ್ಕೆ ಸೆಷನ್ ಇಡಬೇಡಿ. ಬರೆದುಕೊಂಡದ್ದನ್ನು ಆವತ್ತು ತೆಗೆದು ನೋಡದಿದ್ದರೆ ಇನ್ನು ಯಾವತ್ತೂ ನೋಡುವುದಿಲ್ಲ. ಅಲ್ಲಿ ಸಿಕ್ಕವರಲ್ಲಿ ಒಬ್ಬರನ್ನಾದರೂ ಫೋನಿಗೆ ಒಪ್ಪಿಸಿಕೊಂಡು ಬನ್ನಿ, ಒಬ್ಬರ ಟೇಪ್ ಒಬ್ಬರು ಕೇಳಲಿಕ್ಕೆ. ಕ್ಲೈಂಟ್‌ಗಳಿಂದ ಲಿಖಿತ ಒಪ್ಪಿಗೆ ಪಡೆದು, ಮತ್ತೆ.

ಒಂಟಿಕೋಣೆ (ಏಳು ವಾರದ ನಂತರ):

ಹೇಳದೆ ಇದ್ದರೆ ತಪ್ಪಾಗುತ್ತದೆ ಅಂತ ಬಂದೆ.

ಮೊದಲ ದಿನ ಪೂರ್ತಿ ದಂಡ. ಭಾಷಣ ಮಾಡಿದವರು ಸ್ಲೈಡ್ ಓದಿದರು, ಅದೂ ನಮಗೆ ಬೆನ್ನು ಹಾಕಿ. ಹೊರಗೆ ಬಂದು ಫೋನ್ ನೋಡುತ್ತಾ ನಿಂತೆ. ಯಾಕಾದರೂ ಬಂದೆನೋ ಎಂದು ನಿಮ್ಮನ್ನೆಲ್ಲ ಬೈದುಕೊಂಡೆ.

ಎರಡನೇ ದಿನ ಬಾಲಿಂಟ್ ಗ್ರೂಪಿನಲ್ಲಿ ಒಂಬತ್ತು ಜನ. ನಾಯಕಿ, ಯಾರ ಹತ್ತಿರ ಕೇಸ್ ಇದೆ ಎಂದರು. ಯಾರೂ ಬಾಯಿ ಬಿಡಲಿಲ್ಲ. ಆ ಮೌನ ತಡೆಯಲಾರದೆ ನಾನೇ ಶುರುಮಾಡಿದೆ. ಕೇಸಿನ ವಿವರ ಇಲ್ಲಿ ಬರೆಯುವುದಿಲ್ಲ, ಲಿಫ್ಟಿನ ಪಾಠ ನೆನಪಿದೆ. ನಾನು ಹೇಳಿ ಮುಗಿಸಿದ ಮೇಲೆ ಒಬ್ಬರು ಕೇಳಿದ್ದು ಇಷ್ಟೇ. "ಅವರು ಬರುವ ದಿನ ಬೆಳಿಗ್ಗೆ ಎದ್ದಾಗ ನಿಮಗೆ ಮೊದಲು ಏನು ಅನಿಸುತ್ತದೆ?" ನನ್ನ ಬಾಯಿಂದ ಬಂದ ಮಾತು: "ಇವತ್ತು ಬರದಿದ್ದರೆ ಸಾಕು ಅನಿಸುತ್ತದೆ." ಹೇಳಿದ ಕೂಡಲೇ ಕಿವಿ ಬಿಸಿಯಾಯಿತು. ಒಂಬತ್ತು ವರ್ಷದಲ್ಲಿ ಈ ಮಾತನ್ನು ನನಗೆ ನಾನೇ ಹೇಳಿಕೊಂಡಿರಲಿಲ್ಲ. ಎದುರಿಗಿದ್ದವರಲ್ಲಿ ಇಬ್ಬರು ಸುಮ್ಮನೆ ತಲೆಯಾಡಿಸಿದರು. ನನಗೂ ಒಬ್ಬರಿದ್ದಾರೆ ಎನ್ನುವಂತೆ.

ಆ ಕ್ಲೈಂಟ್ ಜೊತೆ ಈಗ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಆ ದಿನ ಬೆಳಿಗ್ಗೆ ಈಗಲೂ ಹಾಗೇ ಅನಿಸುತ್ತದೆ. ಅನಿಸಿತು ಎಂದು ಗೊತ್ತಾಗುತ್ತದೆ, ಅಷ್ಟೇ ವ್ಯತ್ಯಾಸ. ಬಿಟ್ಟಿರಲು ಹೆದರಿದ್ದ ಇಬ್ಬರೂ ಚೆನ್ನಾಗೇ ಇದ್ದರು. ಅದರಿಂದ ಸ್ವಲ್ಪ ಬೇಜಾರೂ ಆಯಿತು, ನಗಬೇಡಿ.

ಆ ಗ್ರೂಪಿನ ನಾಲ್ವರು ಎರಡು ವಾರಕ್ಕೊಮ್ಮೆ ಗುರುವಾರ ಫೋನಿನಲ್ಲಿ ಸೇರುತ್ತೇವೆ. ಈ ಸಲ ನನ್ನ ಸರದಿ, ಟೇಪ್ ಕಳಿಸಬೇಕು. ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿದ್ದಾಯಿತು. ಮೂರು ದಿನದಿಂದ ಮೇಜಿನ ಮೇಲಿದೆ, ಇನ್ನೂ ಕೇಳಿಲ್ಲ.

ಹಳೇಕುರ್ಚಿ:

ಕೇಳದೇ ಕಳಿಸಿಬಿಡಿ. ಕೇಳಿದರೆ ಕಳಿಸುವುದಿಲ್ಲ.